ಸತ್ತ ಸ್ಟೇಷನ್ನಿನ ನಲವತ್ತು ಸೆಕೆಂಡು

ಕಂತು ೭

ಟ್ರೆಂಟ್ ಹೇಸ್ಲಿ ಜೇಬಿನಿಂದ ಕರವಸ್ತ್ರ ತೆಗೆದು ಚರ್ಚಿನ ಬೆಂಚನ್ನು ಎರಡು ಸಲ ಒರೆಸಿದ. ಆಮೇಲೆ ಕೂತ.

ಎಂಬತ್ತು ವರ್ಷದಿಂದ ಲೋಮ್ನಿಸ್ ಊರಿನ ಮಂದಿ ಕೂತು, ಅತ್ತು, ತೂಕಡಿಸಿ ನುಣುಪು ಮಾಡಿದ ಬೆಂಚು ಅದು. ಒಮಾಹಾ ನಗರದಿಂದ ಬಂದ ಈ ರೇಡಿಯೋ ಸ್ಟೇಷನ್ ಮಾಲೀಕ ಮಹಾಶಯನಿಗೆ ಅದರ ಮೇಲೆ ಅದೆಂಥ ಕೊಳೆ ಕಂಡಿತೋ ಏನೋ. ಡೆಪ್ಯುಟಿ ಆರ್ಡಿತ್ ವೊಂದ್ರಾ ನೋಡಿಯೂ ನೋಡದವಳಂತೆ ನಿಂತಿದ್ದಳು. ಹನ್ನೊಂದು ವರ್ಷ ಪೊಲೀಸ್ ಕೆಲಸ ಮಾಡಿದ್ದಾಳೆ. ಹಂದಿ ಕದ್ದವರನ್ನು ನೋಡಿದ್ದಾಳೆ, ಹೆಂಡತಿಗೆ ಹೊಡೆದವರನ್ನು ನೋಡಿದ್ದಾಳೆ. ಇಷ್ಟು ಅಸಹ್ಯ ಯಾರ ಮೇಲೂ ಬಂದಿರಲಿಲ್ಲ.

ರೇಡಿಯೋ ಸ್ಟೇಷನ್ನಿನ ಮುದುಕ ಎಂಜಿನಿಯರ್ ಲೂಮಿರ್ ಕಾಶ್ಪರ್ ಟವರಿನ ಬುಡದಲ್ಲಿ ಅಂಗೈ ಸುಟ್ಟುಕೊಂಡು ಸತ್ತು ಬಿದ್ದು ಅಂದಿಗೆ ಐದು ದಿನ. ‘ಸ್ವಂತ ಅಜಾಗರೂಕತೆಯಿಂದ’ ಎಂದು ಬರೆದ ಕಾಗದಕ್ಕೆ ಸಂಜೆ ಐದಕ್ಕೆ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್, ಸಹಿ ಹಾಕುವವನಿದ್ದ. ಈಗ ಮೂರೂವರೆ.

ನಿನ್ನೆ ಲೂಮಿರನ ಹೆಂಡತಿ ವ್ಲಾಸ್ತಾ ಆರ್ಡಿತ್‌ಳ ಕೈ ಹಿಡಿದು ಒಂದೇ ಒಂದು ಮಾತು ಕೇಳಿದ್ದಳು. “ಸತ್ತಿದ್ದು ಸತ್ತ. ದಡ್ಡನ ಥರ ಸತ್ತ ಅಂತ ಮಾತ್ರ ಬರೀಬೇಡ್ರಮ್ಮ.”

ಆರ್ಡಿತ್ ಹತ್ತು ವರ್ಷದವಳಿದ್ದಾಗ ಅದೇ ಸ್ಟೇಷನ್ನಿನಲ್ಲಿ ವಾರಕ್ಕೊಮ್ಮೆ ಶಾಲೆಯ ಮಧ್ಯಾಹ್ನದ ಊಟದ ಪಟ್ಟಿ ಓದುತ್ತಿದ್ದಳು. ಮೈಕು ಎಟುಕುತ್ತಿರಲಿಲ್ಲ. ಲೂಮಿರ್ ಬಗ್ಗಿಸಿ ಹಿಡಿಯುತ್ತಿದ್ದ. ಟವರಿನ ಬೇಲಿ ತೋರಿಸಿ ಅವನು ಅವಳಿಗೆ ಹೇಳಿಕೊಟ್ಟದ್ದು ಈಗಲೂ ನೆನಪಿದೆ: ಈ ಥರದ ರೇಡಿಯೋದಲ್ಲಿ ತಂತಿ ಬೇರೆ, ಕಂಬ ಬೇರೆ ಅಂತಿಲ್ಲ ಮಗಾ, ಇಡೀ ಕಬ್ಬಿಣವೇ ಜೀವಂತ. ನೆಲದ ಮೇಲೆ ಕಾಲಿಟ್ಟು ಅದನ್ನು ಮುಟ್ಟಿದವನು ಕೆಟ್ಟ. ಹಾಗೆ ಹೇಳಿಕೊಟ್ಟವನೇ ಹೋಗಿ ಮುಟ್ಟಿದನಂತೆ. ಊರೂ ನಂಬಿತು. ನಂಬುವುದಕ್ಕೆ ಖರ್ಚಿಲ್ಲವಲ್ಲ.

“ಇನ್ನೆಷ್ಟು ಹೊತ್ತು ಮೇಡಂ?” ಹೇಸ್ಲಿ ಕೈಗಡಿಯಾರ ನೋಡಿಕೊಂಡ. “ನನಗೆ ಒಮಾಹಾದಲ್ಲಿ ಕೆಲಸ ಇದೆ. ಇಲ್ಲಿನವರ ಹಾಗೆ ಜೋಳ ಬೆಳೆಯೋದನ್ನ ನೋಡ್ತಾ ಕೂರೋಕಾಗಲ್ಲ.”

“ಕೂತಿರಿ. ಬೆಂಚು ಹೇಗೂ ಒರೆಸಿಯಾಯ್ತಲ್ಲ.”

ಆರ್ಡಿತ್‌ಳ ಫೋನು ಗುನುಗಿತು. ಶೆರಿಫ್ ಡ್ವೇನ್ ಪೊಕೋರ್ನಿ.

“ಎಲ್ಲಿದೀಯ ತಾಯಿ?”

“ಚರ್ಚಲ್ಲಿ. ಹೇಸ್ಲಿನ ಕೂರಿಸ್ಕೊಂಡಿದೀನಿ. ಗುರುವಾರ ಇಲ್ಲಿ ನಡೆದ ಶವಸಂಸ್ಕಾರದ ಟೇಪ್ ಇದೆ ಸರ್, ಅದರಿಂದ ಒಂದು ವಿಷಯ ಗೊತ್ತಾಗತ್ತೆ. ಐದರೊಳಗೆ ತರ್ತೀನಿ. ಸಹಿ ಹಾಕ್ಬೇಡಿ.”

“ಶವಸಂಸ್ಕಾರದ ಟೇಪಾ? ಸರಿ, ಐದರೊಳಗೆ ಬಾ. ಅಷ್ಟೇ ವಿಷಯ.”

ಫೋನು ಇಟ್ಟ. ಡ್ವೇನ್ ಮಾತು ಮುಗಿಸುವುದೇ ಹಾಗೆ. ಹನ್ನೆರಡು ವರ್ಷ ಪ್ರತಿ ಶುಕ್ರವಾರ ಬೆಳಗ್ಗೆ ಅದೇ ಸ್ಟೇಷನ್ನಿನಲ್ಲಿ ಕಳೆದುಹೋದ ನಾಯಿ, ಬೇಲಿ ಹಾರಿದ ದನ, ಮುರಿದುಬಿದ್ದ ಸೇತುವೆಗಳ ಸುದ್ದಿ ಓದಿ, ಒಂದೊಂದರ ಕೊನೆಗೂ ‘ಅಷ್ಟೇ ವಿಷಯ’ ಎನ್ನುತ್ತಿದ್ದ. ಊರಿನ ಮಕ್ಕಳು ಅವನ ದನಿ ಅಣಕಿಸುತ್ತಲೇ ದೊಡ್ಡವರಾದರು.

ಆರ್ಡಿತ್ ಬೆಂಚಿನ ಮೇಲೆ ಒಂದು ಕಾಗದದ ಚೀಲ ಇಟ್ಟು, ಒಳಗಿನಿಂದ ಒಣಗಿದ ಹಂಬು ತೆಗೆದಳು. ಹೊಲದಂಚಿನ ಬಳ್ಳಿ, ಹಗ್ಗದಷ್ಟು ದಪ್ಪ. ಒಂದು ತುದಿಯಲ್ಲಿ ಕುಡುಗೋಲಿನ ಕಚ್ಚು ಇನ್ನೂ ಬೆಳ್ಳಗಿತ್ತು.

“ಇದೇನು ಹಾರವಾ?” ಹೇಸ್ಲಿ ನಕ್ಕ.

“ನಿಮ್ಮ ಟವರಿಗೆ ಸುತ್ತಿಕೊಂಡಿದ್ದು. ಒಂದು ವರ್ಷ ನೀವು ಅತ್ತ ತಲೆ ಹಾಕಲಿಲ್ಲ, ಬಳ್ಳಿ ಹಾಕಿತು. ಲೂಮಿರ್ ಗುರುವಾರ ಇದನ್ನ ಕತ್ತರಿಸ್ತಿದ್ದ. ಅರ್ಧ ನೆಲದ ಮೇಲೆ ಬಿದ್ದಿದೆ, ಅರ್ಧ ಇನ್ನೂ ಟವರ್ ಮೇಲಿದೆ, ಕುಡುಗೋಲು ಅಲ್ಲೇ ಬುಡದಲ್ಲಿತ್ತು. ನೀವು ಕೊಟ್ಟ ಲಾಗ್ ಪುಸ್ತಕ ಏನು ಹೇಳತ್ತೆ?”

“ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸ್ಟೇಷನ್ ಪ್ರಸಾರ ಮಾಡಿದೆ. ಲೂಮಿರ್ ಸಹಿ ಇದೆ. ಓದೋಕೆ ಬರತ್ತೆ ತಾನೆ?”

“ಹತ್ತರಿಂದ ಟವರಲ್ಲಿ ಕರೆಂಟ್ ಇದ್ದಿದ್ರೆ ಮೊದಲನೇ ಎಲೆ ಎಳೆಯೋವಾಗಲೇ ಕೈ ಸುಡ್ತಿತ್ತು. ಅರ್ಧ ಹಂಬು ಹೇಗೆ ಕತ್ತರಿಸಿದ?”

“ಎಪ್ಪತ್ತೊಂದು ವರ್ಷ. ಮರೆತಿರಬಹುದು. ಕುಡಿದಿರಬಹುದು. ನಿಮ್ಮವರಿಗೆ ಬಿಯರ್ ಅಂದ್ರೆ ನೀರು ತಾನೆ?”

ಆರ್ಗನ್ನಿನ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಆಗ್ನೆಸ್ ಹ್ರುಸ್ಕಾ, ವಯಸ್ಸು ಎಂಬತ್ತಮೂರು, ಐವತ್ತೆರಡು ವರ್ಷದಿಂದ ಈ ಚರ್ಚಿನ ಆರ್ಗನ್ ನುಡಿಸುವವಳು. ಊರಿಗೆಲ್ಲ ‘ಟೇಟಾ’, ಅಂದರೆ ಅತ್ತೆ. ಅವಳು ಹಳೆಯ ಕ್ಯಾಸೆಟ್ ಯಂತ್ರವೊಂದನ್ನು ಎದೆಗೆ ಅವುಚಿಕೊಂಡು ಬಂದು ಬೆಂಚಿನ ಮೇಲಿಟ್ಟಳು.

“ಇವನೇನಾ ಕೊನೆಯವನು?” ಎಂದಳು, ಹೇಸ್ಲಿಯನ್ನು ಸಂತೆಯಲ್ಲಿ ಎತ್ತು ನೋಡುವ ಹಾಗೆ ನೋಡುತ್ತ. “ಎಷ್ಟನೆಯವನೋ ಇವನು. ಏಳನೆಯವನಾ, ಎಂಟನೆಯವನಾ?”

“ಏಳು, ಟೇಟಾ.”

“ನನಗೆ ಎಲ್ಲರೂ ಗೊತ್ತು ಕಣಪ್ಪ,” ಆಗ್ನೆಸ್ ಹೇಸ್ಲಿಗೆ ಹೇಳಿದಳು. “ನಿಮ್ಮ ಟವರು ಇಲ್ಲಿಂದ ಎರಡು ಫರ್ಲಾಂಗು. ಅಲ್ಲಿ ಏನು ಊದಿದ್ರೂ ನಮ್ಮ ಸ್ಪೀಕರಲ್ಲಿ ಬರತ್ತೆ. ರಿಪೇರಿಯವನು ಬಂದ, ಬಿಷಪ್ಪರು ಬಂದ್ರು, ತಂತಿ ಬದಲಾಯಿಸಿದ್ವಿ. ಏನೂ ಆಗಲಿಲ್ಲ.”

ಹೇಸ್ಲಿಯ ಕೈ ಕೈಗಡಿಯಾರದ ಮೇಲೆ ಹಾಗೇ ನಿಂತಿತು. ಆರ್ಡಿತ್ ಕಾಯುತ್ತಿದ್ದುದು ಅದನ್ನೇ. ಊರಿನ ನಾಯಿಗೂ ಗೊತ್ತಿದ್ದ ಸಂಗತಿ ಊರಿನ ರೇಡಿಯೋ ಮಾಲೀಕನಿಗೆ ಗೊತ್ತಿರಲಿಲ್ಲ. ಸ್ಟೇಷನ್ ಕೊಂಡ ಎರಡು ವರ್ಷದಲ್ಲಿ ಒಂದು ಸಲವಾದರೂ ಈ ಬಾಗಿಲು ದಾಟಿದ್ದರೆ ತಿಳಿಯುತ್ತಿತ್ತು.

“ಮೊದಲು ಎಮಿಲ್ ಇದ್ದ,” ಆಗ್ನೆಸ್ ಬೆರಳು ಮಡಚಿದಳು. “ಬೆಳಗ್ಗೆ ಹಂದಿ ರೇಟು, ಮಧ್ಯಾಹ್ನ ಸತ್ತವರ ಹೆಸರು, ಭಾನುವಾರ ಪೋಲ್ಕಾ ಕುಣಿತದ ಹಾಡು. ನಾನು ಪ್ರಾರ್ಥನಾಗೀತೆ ನುಡಿಸ್ತಿದ್ರೆ ಹಿಂದಿನಿಂದ ಅಕಾರ್ಡಿಯನ್. ಪರವಾಗಿರಲಿಲ್ಲ, ಶ್ರುತಿ ಸೇರ್ತಿತ್ತು. ಎಮಿಲ್ ಹೋದ, ಹಲ್ಲು ಡಾಕ್ಟರೊಬ್ಬ ಕೊಂಡ. ಇಡೀ ದಿನ ಮೆತ್ತನೆ ಸಂಗೀತ, ಹಲ್ಲು ಕೀಳೋ ಕೋಣೆಯಲ್ಲಿ ಹಾಕ್ತಾರಲ್ಲ, ಅದು. ಅರ್ಧ ಚರ್ಚು ನಿದ್ದೆ ಹೋಗ್ತಿತ್ತು. ಆಮೇಲೆ ಕಾನ್ಸಾಸಿಂದ ಒಬ್ಬ ಉದ್ದ ಕೂದಲಿನವನು. ಈಸ್ಟರ್ ದಿನ ಪಾದ್ರಿ ‘ಕ್ರಿಸ್ತ ಎದ್ದಿದ್ದಾನೆ’ ಅಂದ್ರು, ಸ್ಪೀಕರಲ್ಲಿ ಯಾವನೋ ಗಂಟಲು ಹರ್ಕೊಂಡು ಕಿರುಚಿದ. ಮೂರು ಮಕ್ಕಳು ಅತ್ತವು.”

“ಟೇಟಾ, ಸಾಕು.”

“ಇರೇ. ಆಮೇಲೆ ಟೆಕ್ಸಾಸಿನ ಉಪದೇಶಿ. ನಮ್ಮ ಪಾದ್ರಿ ಪ್ರಸಾದದ ರೊಟ್ಟಿ ಎತ್ತಿ ಹಿಡಿದಿದ್ದಾರೆ, ಇವನು ಸ್ಪೀಕರಲ್ಲಿ ‘ಪೋಪನನ್ನು ನಂಬಿದವರೆಲ್ಲ ನರಕಕ್ಕೆ’ ಅಂತಾನೆ. ನಮ್ಮ ಚರ್ಚಲ್ಲಿ, ನಮ್ಮ ಕರೆಂಟಲ್ಲಿ. ಆಮೇಲೆ ಕೊಂಡವನದು ಸ್ಯಾಟಲೈಟಿಂದ ಬರೋ ಜಗಳ, ದಿನವಿಡೀ ರಾಜಕೀಯ. ಅದಾದ್ಮೇಲೆ ಮಾಂಸದ ಕಾರ್ಖಾನೆಯ ಮೆಕ್ಸಿಕೋ ಜನ ಸೇರಿ ಹಿಡಿದರು. ಅವರ ಹಾಡು ಚೆನ್ನಾಗಿತ್ತು. ಮತ್ತೆ ಅಕಾರ್ಡಿಯನ್ ಬಂತು. ಸತ್ತವರ ಹೆಸರೂ ಓದ್ತಿದ್ರು, ನಮ್ಮವರದೂ. ಅವರ ಕೈಲಿ ಜಾಗ ಕೊಳ್ಳೋಕಾಗಲಿಲ್ಲ, ಇವನು ಕೊಂಡ.” ಗಲ್ಲದಿಂದ ಹೇಸ್ಲಿಯತ್ತ ತೋರಿಸಿದಳು. “ಕೊಂಡು ಒಂದು ವರ್ಷ ಕಂಪ್ಯೂಟರಿಗೆ ಗಂಟುಹಾಕಿ ಅದರ ಪಾಡಿಗೆ ಬಿಟ್ಟ, ಆಮೇಲೆ ಬಾಯಿ ಮುಚ್ಚಿಸಿದ. ಇಷ್ಟು ಜನರ ಕೈ ಕೆಳಗೂ ಪ್ರಸಾರದ ಮಶೀನು ಕಾಯ್ದವನು ಲೂಮಿರ್ ಒಬ್ಬನೇ.”

ಬಾಯಿ ಮುಚ್ಚಿಸಿದ್ದು ಕಳೆದ ವರ್ಷ ನವೆಂಬರ್ ಇಪ್ಪತ್ತಕ್ಕೆ. ಹೇಸ್ಲಿಗೆ ಬೇಕಿದ್ದದ್ದು ಸ್ಟೇಷನ್ನಲ್ಲ, ಅದರ ಲೈಸೆನ್ಸು. ಅದನ್ನು ತೋರಿಸಿ ದೊಡ್ಡ ಊರಿನಲ್ಲಿ ಎಫ್ಎಂ ಹಿಡಿಯುವ ಹುನ್ನಾರ. ಆದರೆ ನಿಯಮ ಒಂದಿದೆ: ಹನ್ನೆರಡು ತಿಂಗಳು ಒಂದೇ ಸಮನೆ ಮೂಕವಾಗಿದ್ದ ಸ್ಟೇಷನ್ನಿನ ಲೈಸೆನ್ಸು ತಾನಾಗಿ ಸಾಯುತ್ತದೆ. ಮೇಲ್ಮನವಿ ಇಲ್ಲ. ಅದಕ್ಕೇ ಇಂಥವರು ವರ್ಷಕ್ಕೊಂದು ದಿನ ಸ್ಟೇಷನ್ ಹಾಕಿ, ಗೊರಕೆ ಹೊಡೆಸಿ, ಮತ್ತೆ ಮಲಗಿಸುತ್ತಾರೆ. ವರ್ಷಕ್ಕೊಮ್ಮೆ ಮಾಡುವ ತಿಥಿಗೂ ಇದಕ್ಕಿಂತ ಹೆಚ್ಚು ಮರ್ಯಾದೆ ಇರುತ್ತದೆ. ಈ ವರ್ಷದ ಆ ದಿನ ಗುರುವಾರ, ನವೆಂಬರ್ ಹದಿನಾರು ಎಂದು ಹೇಸ್ಲಿಯ ಲಾಗ್ ಪುಸ್ತಕ ಹೇಳುತ್ತಿತ್ತು.

“ಗುರುವಾರ ಹತ್ತೂವರೆಗೆ ಇಲ್ಲಿ ಸ್ಟ್ಯಾನ್ಲಿ ಬಾರ್ತೋಶನ ಶವಸಂಸ್ಕಾರ,” ಆರ್ಡಿತ್ ಹೇಳಿದಳು. “ಬರಲಾಗದ ನೆಂಟರಿಗೆ ಕೊಡೋಕೆ ಟೇಟಾ ಪ್ರತಿ ಶವಸಂಸ್ಕಾರನೂ ಟೇಪ್ ಮಾಡ್ತಾರೆ. ಸ್ಪೀಕರಲ್ಲಿ ಬಂದಿದ್ದೆಲ್ಲ ಟೇಪಿಗೂ ಬರತ್ತೆ. ಹಾಕಿ ಟೇಟಾ.”

ಆಗ್ನೆಸ್ ಗುಂಡಿ ಒತ್ತಿದಳು. ಆರ್ಗನ್ನು. ಪಾದ್ರಿಯ ದನಿ. ಯಾರದೋ ಕೆಮ್ಮು, ಬೆಂಚಿನ ಕಿರುಗುಟ್ಟು. ಮಧ್ಯೆ ಪೂರ್ತಿ ನಿಶ್ಶಬ್ದ. ಆರ್ಡಿತ್ ಮುಂದೆ ಓಡಿಸಿ ನಿಲ್ಲಿಸಿದಳು, ಮತ್ತೆ ಓಡಿಸಿದಳು. ಎಲ್ಲಿ ನಿಲ್ಲಿಸಿದರೂ ಅದೇ. ಪೋಲ್ಕಾ ಇಲ್ಲ, ಕಿರುಚಾಟ ಇಲ್ಲ, ಒಂದು ಗುಂಯ್ ಎನ್ನುವ ಸದ್ದೂ ಇಲ್ಲ.

“ಕೇಳಿಸ್ತಾ?”

“ಏನೂ ಕೇಳಿಸಲಿಲ್ಲ.”

“ಅದೇ. ಗುರುವಾರ ಹತ್ತೂವರೆಗೆ ನಿಮ್ಮ ಸ್ಟೇಷನ್ ಸತ್ತು ಮಲಗಿತ್ತು. ಹನ್ನೊಂದಕ್ಕೂ ಮಲಗಿತ್ತು. ಲಾಗ್ ಸುಳ್ಳು.”

“ಸ್ಪೀಕರ್ ಸರಿಹೋಗಿರಬಹುದು. ಒಂದು ವರ್ಷ ಆಯ್ತಲ್ಲ.”

“ನಡೀರಿ ಹಾಗಾದ್ರೆ. ಈಗಲೇ ಹೋಗಿ ಸ್ಟೇಷನ್ ಹಾಕೋಣ. ಇಲ್ಲಿ ಕೇಳಿಸತ್ತೋ ಇಲ್ಲವೋ ಟೇಟಾ ಹೇಳ್ತಾರೆ.”

ಹೇಸ್ಲಿ ಏಳಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ಕೋಟಿನ ಒಳಜೇಬಿಗೆ ಹೋಯಿತು. ಅಲ್ಲಿ ಪೆನ್ನು ಇತ್ತು.

“ನಾನು ಕೊಂದಿಲ್ಲ,” ಎಂದ.

“ಕೊಂದಿರಿ ಅಂತ ಯಾರಂದ್ರು? ನೀವು ಮೂರರವರೆಗೆ ಲಿಂಕನ್ ಸಿಟಿಯಲ್ಲಿ ವಕೀಲನ ಹತ್ರ ಇದ್ರಿ, ನಾನೇ ಕೇಳಿ ತಿಳ್ಕೊಂಡಿದೀನಿ. ಕೊಲ್ಲೋಕೂ ಒಂದಿಷ್ಟು ಎದೆ ಬೇಕು. ನಾಲ್ಕೂವರೆಗೆ ಇಲ್ಲಿಗೆ ಬಂದ್ರಿ. ಏನು ಕಂಡ್ರಿ?”

ಅವನು ಜೇಬಿನಿಂದ ಕೈ ತೆಗೆದ. “ಅವನು ಟವರ್ ಹತ್ರ ಬಿದ್ದಿದ್ದ. ತಣ್ಣಗಾಗಿದ್ದ. ಒಳಗೆ ಹೋದೆ. ಮಶೀನು ಆಫ್ ಇತ್ತು. ಕೀಲಿ ಮಶೀನಲ್ಲೇ ಇತ್ತು. ಲಾಗ್ ಪುಸ್ತಕ ಖಾಲಿ.”

“ನೀವು ತುಂಬಿಸಿದ್ರಿ.”

“ಅವನು ಹೇಗೂ ಸತ್ತಿದ್ದ. ಲೈಸೆನ್ಸ್ ಯಾಕೆ ಸಾಯಬೇಕು?”

“ಹೊರಗೆ ಹೆಣ ಬಿದ್ದಿತ್ತು,” ಆರ್ಡಿತ್ ಒಂದೊಂದೇ ಪದ ಇಟ್ಟಳು. “ನೀವು ಒಳಗೆ ಕೂತು ಅವನ ಸಹಿ ಅಭ್ಯಾಸ ಮಾಡಿದ್ರಿ. ಎಷ್ಟು ಸಲ ಬರೆದ್ರಿ ಸರಿಯಾಗೋಕೆ?”

“ನಾಲ್ಕು,” ಎಂದ ಹೇಸ್ಲಿ. ನಾಚಿಕೆಯಿಂದಲ್ಲ. ಲೆಕ್ಕ ಕೇಳಿದ್ದಕ್ಕೆ ಕೊಟ್ಟ, ಅಷ್ಟೆ.

ಆಗ್ನೆಸ್ ಎದ್ದು ಹೋಗಿ ಒಂದು ಬೆಂಚು ಆಚೆ ಕೂತಳು. ಒಂದೇ ಬೆಂಚಿನಲ್ಲಿ ಇವನ ಜೊತೆ ಕೂರಲು ಅವಳಿಗೆ ಮನಸ್ಸಾಗಲಿಲ್ಲ.

ಆದರೆ ಆರ್ಡಿತ್‌ಳ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು. ಕೀಲಿ. ಟವರಿನ ಹತ್ತಿರ ಹೋಗುವ ಮುಂಚೆ ಲೂಮಿರ್ ಮಶೀನಿನ ಕೀಲಿ ಕಿತ್ತು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತಿದ್ದ. ಕೀಲಿ ಇಲ್ಲದೆ ಮಶೀನು ಏಳುವುದಿಲ್ಲ. ಏಳು ಮಾಲೀಕರಲ್ಲಿ ಒಬ್ಬನಿಗೂ ಅವನು ಆ ಹೊತ್ತಿನಲ್ಲಿ ಕೀಲಿ ಕೊಟ್ಟವನಲ್ಲ. ಅಂಥವನು ಹಂಬು ಕತ್ತರಿಸಲು ಹೋದಾಗ ಕೀಲಿ ಒಳಗೇ ಉಳಿದಿತ್ತು. ಯಾರೋ ಅದನ್ನು ತಿರುಗಿಸಿದ್ದರು, ಮತ್ತೆ ಆಫ್ ಮಾಡಿದ್ದರು.

“ಕೀಲಿ ಯಾರಿಗೋ ಕೊಟ್ಟಿದಾನೆ,” ಎಂದಳು. “ನಂಬಿದವರಿಗೆ ಕೊಟ್ಟಿದಾನೆ.”

“ನನ್ನನ್ನ ನಂಬ್ತಿದ್ದ.”

“ನಿಮ್ಮನ್ನ ನಿಮ್ಮ ಮನೆ ನಾಯಿನೂ ನಂಬಲ್ಲ.”

ಅವಳು ಟೇಪು ನಿಲ್ಲಿಸಲು ಕೈ ಚಾಚಿದಳು. ಪ್ರಾರ್ಥನೆ ಮುಗಿದು, ಜನ ಶವಪೆಟ್ಟಿಗೆ ಹೊತ್ತು ಹೊರಡುವ ಸದ್ದು ಬರುತ್ತಿತ್ತು.

“ನಿಲ್ಲಿಸಬೇಡ ಕಣೇ,” ಆಗ್ನೆಸ್ ಆಚೆ ಬೆಂಚಿನಿಂದಲೇ ಹೇಳಿದಳು. “ಕೊನೆಗೆ ಏನೋ ಗರಗರ ಅಂತ ಬರತ್ತೆ. ಬಾರ್ತೋಶನ ಮಗಳಿಗೆ ಕೊಡೋ ಮುಂಚೆ ಹಾಕಿ ನೋಡಿದೆ. ಟೇಪೇ ಕೆಟ್ಟಿದೆ ಅಂತ ಅಲ್ಲಿಗೇ ನಿಲ್ಲಿಸಿದೆ. ಆ ಹೊತ್ತಲ್ಲಿ ನಾನು ಹೊರಗೆ ಗಂಟೆ ಹೊಡೀತಿದ್ದೆ, ಇಲ್ಲಿ ಯಾರೂ ಇರಲಿಲ್ಲ.”

ಟೇಪು ಓಡಿತು. ಬಾಗಿಲು ಮುಚ್ಚಿದ ಸದ್ದು. ದೂರದಲ್ಲಿ ಗಂಟೆ, ಸತ್ತವನ ವಯಸ್ಸಿನಷ್ಟು ಸಲ ಹೊಡೆಯುವ ನಿಧಾನದ ಗಂಟೆ. ಆಮೇಲೆ ಒಂದು ಟಕ್ ಶಬ್ದ, ಹಿಂದೆಯೇ ದಪ್ಪನೆಯ ಗುಂಯ್.

ಆಗ್ನೆಸ್ ತಲೆ ಎತ್ತಿದಳು. ಐವತ್ತೆರಡು ವರ್ಷ ಕೇಳಿದ ಗುಂಯ್ ಅದು, ಟೇಪು ಕೆಟ್ಟಿದ್ದಲ್ಲ. “ಸ್ಟೇಷನ್ನು,” ಎಂದಳು.

ಯಾರೋ ಮಶೀನು ಹಾಕಿದ್ದರು. ಪ್ರಸಾರದ ಶುರುವಿಗೆ ಸ್ಟೇಷನ್ನಿನ, ಊರಿನ ಹೆಸರು ಹೇಳಲೆಂದು ಲೂಮಿರ್ ಮೊದಲೇ ಸಿದ್ಧ ಮಾಡಿಟ್ಟಿದ್ದ ಮೈಕು ಜೊತೆಗೇ ತೆರೆದುಕೊಂಡಿತ್ತು. ಮಶೀನು ಹಾಕಿದವನಿಗೆ ಅದು ಗೊತ್ತಿರಲಿಲ್ಲ. ಕುರ್ಚಿ ಸರಿದ ಸದ್ದು, ಮರದ ನೆಲದ ಮೇಲೆ ಬೂಟಿನ ಎರಡು ಹೆಜ್ಜೆ. ಆಮೇಲೆ ಬಾಗಿಲಲ್ಲಿ ನಿಂತು ಹೊರಗೆ ಕೂಗಿ ಹೇಳುವ ಒಂದು ದನಿ.

“ಆಫ್ ಇದೆ ಲೂಮಿರ್. ಕೀಲಿ ನನ್ನ ಹತ್ರಾನೇ ಇದೆ. ಕೈಯಲ್ಲೇ ಹಿಡಿದು ಎಳಿ, ಬರತ್ತೆ. ಅಷ್ಟೇ ವಿಷಯ.”

ಗುಂಯ್ ಮುಂದುವರಿಯಿತು. ಒಂದು ಗಳಿಗೆ ಅದು ನಡುಗಿ, ಮತ್ತೆ ನೆಟ್ಟಗಾಯಿತು. ಆಮೇಲೆ ಟಕ್. ಮೌನ. ದೂರದ ಗಂಟೆ ಇನ್ನೂ ಹೊಡೆಯುತ್ತಲೇ ಇತ್ತು.

ಆಗ್ನೆಸ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. “ನಮ್ಮ ಡ್ವೇನ್ ಅಲ್ವೇನೇ ಅದು?” ಎಂದಳು, ಇಲ್ಲ ಅನ್ನು ಎಂದು ಬೇಡುವವಳ ಹಾಗೆ.

ಹನ್ನೊಂದು ವರ್ಷ ಆರ್ಡಿತ್ ಆ ದನಿ ಹೇಳಿದ ಕಡೆ ಹೋಗಿದ್ದಾಳೆ, ಹೇಳಿದ್ದನ್ನು ಮಾಡಿದ್ದಾಳೆ. ಲೂಮಿರ್ ಯಾರಿಗೆ ಕೀಲಿ ಕೊಟ್ಟ ಎಂಬುದು ಈಗ ತಿಳಿಯಿತು. ಎದೆಯ ಮೇಲೆ ಶೆರಿಫನ ನಕ್ಷತ್ರ ಇದ್ದವನಿಗೆ ಕೊಟ್ಟ. ಅವಳಾದರೂ ಕೊಡುತ್ತಿದ್ದಳು. ಯಾಕೆ ಕೊಂದ ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಮೊದಲು ನಕ್ಕವನು ಹೇಸ್ಲಿ. ಕೋಟು ಕೊಡವಿಕೊಂಡು ಎದ್ದ. ಹತ್ತು ನಿಮಿಷದ ಹಿಂದೆ ಏಳಲಾರದೆ ಕೂತಿದ್ದವನು ಇವನೇನಾ ಅನ್ನಬೇಕು.

“ಎಷ್ಟು ಹೊತ್ತಾಯ್ತು ಅದು? ನಲವತ್ತು ಸೆಕೆಂಡಾ? ನಿಯಮದಲ್ಲಿ ಇಷ್ಟೇ ಗಂಟೆ ಅಂತ ಬರೆದಿಲ್ಲ ಮೇಡಂ. ಸ್ಟೇಷನ್ ಗುರುವಾರ ಮಾತಾಡಿದೆ, ನೀವೇ ಸಾಕ್ಷಿ. ಈ ಟೇಪ್ ಇರೋವರೆಗೆ ನನ್ನ ಲೈಸೆನ್ಸಿಗೆ ಸಾವಿಲ್ಲ. ಜೋಪಾನ ಮಾಡಿ.” ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡ. “ಬೇಲಿನೇ ಹೊಲ ಮೇಯ್ದಿದೆ. ಈಗ ಯಾರ ಹತ್ರ ದೂರು ಕೊಡ್ತೀರಿ?”

ಆರ್ಡಿತ್ ಬಾಗಿಲತ್ತ ತಿರುಗಿದಳು. ಹೊರಗೆ ಜಲ್ಲಿಯ ಮೇಲೆ ಟೈರು ಉರುಳಿ ನಿಂತದ್ದು ಅವಳಿಗೆ ಕೇಳಿಸಿತ್ತು. ಕಾರಿನ ಬಾಗಿಲು ಮುಚ್ಚಿಕೊಂಡಿತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ದಿನವೂ ಕೂರುವ ಕಾರು.

ಟೇಪಿನ ವಿಷಯ ಫೋನಿನಲ್ಲಿ ಹೇಳಿದವಳು ಅವಳೇ.

ಕ್ಯಾಸೆಟ್ ಹೊರತೆಗೆಯಲು ಗುಂಡಿಯ ಮೇಲೆ ಬೆರಳಿಟ್ಟಳು. ಹಳೆಯ ಯಂತ್ರ, ಒತ್ತಿದರೂ ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಒತ್ತುವಷ್ಟರಲ್ಲಿ ಚರ್ಚಿನ ಬಾಗಿಲು ತೆರೆಯಿತು.

ಶೆರಿಫ್ ಡ್ವೇನ್ ಪೊಕೋರ್ನಿ ಟೋಪಿ ತೆಗೆದ. ಬಾಗಿಲ ಪಕ್ಕದ ಪವಿತ್ರಜಲದ ಬಟ್ಟಲಲ್ಲಿ ಬೆರಳದ್ದಿ, ಹಣೆ ಮುಟ್ಟಿಕೊಂಡು, ಬೆಂಚುಗಳ ನಡುವೆ ನಿಧಾನಕ್ಕೆ ನಡೆದು ಬಂದ. ಆಗ್ನೆಸ್‌ಳ ಮುಖ ನೋಡಿದ. ಹೇಸ್ಲಿಯ ಮುಖ ನೋಡಿದ. ಕೊನೆಗೆ ಆರ್ಡಿತ್‌ಳ ಬೆರಳ ಕೆಳಗಿದ್ದ ಯಂತ್ರ ನೋಡಿದ.

“ಕೊನೇತನಕ ಕೇಳಿದ್ರಾ?” ಎಂದ.

ಈ ಸಲ ‘ಅಷ್ಟೇ ವಿಷಯ’ ಎನ್ನಲಿಲ್ಲ.